ಗಾಡಿಗೆ ಕೌದಿ ಹೊಲಿದ ಖಾದರ್ ಮಾಮಾ

ಅಕ್ಟೋಬರ್ ತಿಂಗಳ ನಡುಮಧ್ಯಾಹ್ನ. ಬಳ್ಳಾರಿಯ ಅಂಗಳದ ಬಂಡೆಯ ಮೇಲೆ ಬರಿಗಾಲು ಇಡಲಾಗದಂಥ ಬಿಸಿಲು. ಆ ಬಿಸಿಲಿನಲ್ಲಿ ಖಾದರ್ ಮಾಮಾ ಕಿವಿ ಮುಚ್ಚುವ ಉಣ್ಣೆಯ ಟೋಪಿ ಹಾಕಿ, ಎರಡೂ ಕೈಗೆ ದಪ್ಪ ಕೈಗವಸು ತೊಟ್ಟು, ಹಳೆಯ ಎಸ್‌ಯುವಿಯ ಹಿಂದಿನ ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು ನಟ್ಟು ಬಿಚ್ಚುತ್ತಿದ್ದರು. ಗದ್ದದಿಂದ ಬೆವರು ತೊಟ್ಟಿಕ್ಕುತ್ತಿತ್ತು. ನಟ್ಟು ಕೈಗವಸಿನಿಂದ ಜಾರಿ ಬಿದ್ದು ಉರುಳುತ್ತಿತ್ತು. ಹೆಕ್ಕಿ ಮತ್ತೆ ಕೂರಿಸುತ್ತಿದ್ದರು. ಅವರನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಇದೇ ಚಿತ್ರ.

ಸೈಕಲ್ಲಿನಲ್ಲಿ ಹೋಗುತ್ತಿದ್ದ ಓಣಿಯವರೊಬ್ಬರು ಕಾಲೂರಿ ನಿಂತು ಕೇಳಿದರು, “ಏನ್ ಖಾದರ್ ಭಾಯ್, ಥಂಡಿ ಭಾಳ ಆತೇನು?”

“ನಿಮಗಿನ್ನೂ ಅಕ್ಟೋಬರ್ ರೀ,” ಎಂದರು ಮಾಮಾ ತಲೆ ಎತ್ತದೆ. “ನನಗ ಆಗಲೇ ಜನವರಿ ಬಂದೈತಿ.”

ಜನವರಿಯ ಕೊನೆಗೆ ಉತ್ತರದ ಬೆಟ್ಟಗಳಲ್ಲಿ ಚಳಿಗಾಲದ ಕಾರ್ ರ್‍ಯಾಲಿಯೊಂದು ಇತ್ತು. ಹಲವು ದಿನಗಳ ಓಟ, ದಾರಿಯ ಬಹುಪಾಲು ಹಿಮದಲ್ಲಿ. ಅಲ್ಲಿ ಬರಿಗೈಯಿಂದ ಕಬ್ಬಿಣ ಮುಟ್ಟಿದರೆ ಬೆರಳು ಅಂಟಿಕೊಳ್ಳುತ್ತದೆ ಎಂದು ಯಾರೋ ಅವರಿಗೆ ಹೇಳಿದ್ದರು. ಆದ್ದರಿಂದ ಕೈಗವಸು ಬಿಚ್ಚದೆ ಗಾಲಿ ಬದಲಿಸುವುದನ್ನು ಅವರು ಬಳ್ಳಾರಿಯಲ್ಲೇ ಕಲಿಯುತ್ತಿದ್ದರು.

ಅವರ ಮನೆಯ ಮಹಡಿ ಮೇಲಿನ ಕೋಣೆಗೆ ನಾನು ಬಾಡಿಗೆಗೆ ಬಂದು ಆಗ ಎರಡು ವರ್ಷವಾಗಿತ್ತು. ನನ್ನ ಊರು ಸಿರುಗುಪ್ಪ. ಕುರುಗೋಡು ರಸ್ತೆಯಲ್ಲಿ ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಲೆಕ್ಕ ಬರೆಯುವ ಕೆಲಸ. ಬಂದ ದಿನವೇ ಮಾಮಾ ಊರು ಯಾವುದೆಂದು ಕೇಳಿದ್ದರು. ಹೇಳಿದ ಕೂಡಲೇ ಒಳಗಿದ್ದ ಮಾಮಿಗೆ ಕೂಗಿದರು: “ಏ, ಚಾ ಇಡು! ನನಗ ಅನ್ನ ಹಾಕಿದ ಊರಾಕಿ ಬಂದಾಳ.” ಪ್ರಾಯದಲ್ಲಿ ಅವರು ಸಿರುಗುಪ್ಪದ ಅಕ್ಕಿ ಗಿರಣಿಗಳ ಲಾರಿ ಓಡಿಸುತ್ತಿದ್ದರು. ಸೊಂಟ ಸೋತ ಮೇಲೆ ಮನೆಯ ಮುಂಭಾಗದಲ್ಲೇ ಹೊಲಿಗೆ ಯಂತ್ರಗಳನ್ನಿಟ್ಟು ಜೀನ್ಸ್ ಪ್ಯಾಂಟು ಹೊಲಿಯುವ ಘಟಕ ಶುರು ಮಾಡಿದ್ದರು. ಮಗಳು ಶಮೀಮ ನನ್ನ ವಾರಿಗೆಯವಳು. ಹೊಲಿದ ಮಾಲನ್ನು ಟೆಂಪೋದಲ್ಲಿ ಹೇರಿಕೊಂಡು ಅಂಗಡಿಗಳಿಗೆ ಮುಟ್ಟಿಸುವವಳು ಅವಳೇ.

ದಿನಚರಿ ಬರೆಯುವುದು ನನಗೆ ಶಾಲೆಯ ದಿನಗಳಿಂದ ಬಂದ ಚಟ. ಬಸ್ಸು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಮುಟ್ಟಿತು ಎಂಬುದನ್ನೂ ಬರೆಯುತ್ತೇನೆ. ಅದನ್ನು ಕಂಡ ದಿನದಿಂದ ನಾನು ಮಾಮಾನ ಬಾಯಲ್ಲಿ ‘ಲೆಕ್ಕದವ್ವ’ ಆದೆ. ಅವರು ಹೋಗಬೇಕೆಂದಿದ್ದ ರ್‍ಯಾಲಿಯಲ್ಲಿ ಎಲ್ಲರಿಗಿಂತ ಮುಂದೆ ಓಡಿದವರು ಗೆಲ್ಲುವುದಿಲ್ಲ. ದಾರಿಯಲ್ಲಿ ಸಮಯ ಬರೆದುಕೊಳ್ಳುವ ಪ್ರತಿ ಠಾಣೆಯನ್ನೂ ಕೊಟ್ಟ ಸಮಯಕ್ಕೆ ಸರಿಯಾಗಿ ಮುಟ್ಟಬೇಕು, ಬೇಗ ಹೋದರೂ ಅಂಕ ಹೋಗುತ್ತದೆ, ತಡವಾದರೂ ಹೋಗುತ್ತದೆ. ಹಾಗಾಗಿ ಗಾಡಿ ಓಡಿಸುವವರ ಪಕ್ಕದಲ್ಲಿ ಗಡಿಯಾರ, ನಕ್ಷೆ ಹಿಡಿದು ಒಬ್ಬರು ಕೂರಲೇಬೇಕು.

“ನಾನು ಓಡಸ್ತೀನಿ. ನನಗ ದಣಿವಾದ್ರ ಶಮೀಮ ಓಡಸ್ತಾಳ. ನೀ ಬಾಜೂಕ ಕೂತು ಲೆಕ್ಕ ಹೇಳು,” ಎಂದರು. ನಾನು ಬರುತ್ತೇನೋ ಇಲ್ಲವೋ ಎಂದು ಕೇಳಲೇ ಇಲ್ಲ.

ಈ ಹುಚ್ಚು ಎಲ್ಲಿಂದ ಬಂತೆಂದು ಒಮ್ಮೆ ನಾನು ಕೇಳಿದೆ. ಲಾರಿಯ ಕಾಲದ ಕಥೆ ಹೇಳಿದರು. ಅಕ್ಕಿ ಹೇರಿಕೊಂಡು ಒಂದು ಸಲ ಉತ್ತರದ ಬೆಟ್ಟಗಳ ಬುಡದ ತನಕ ಹೋಗಿದ್ದರಂತೆ. ಮೇಲೆ ಹಿಮ ಬಿದ್ದು ರಸ್ತೆ ಮುಚ್ಚಿತ್ತು. ಮಾಲನ್ನು ಕೆಳಗಿನ ಊರಿನಲ್ಲೇ ಇಳಿಸಿಕೊಂಡು ಇವರನ್ನು ವಾಪಸು ಕಳಿಸಿದರು.

“ದೂರದಿಂದ ನೋಡಿದ್ನವ್ವ. ಬೆಳ್ಳಗ, ಗಿರಣಿ ಮುಂದ ಅಕ್ಕಿ ರಾಶಿ ಸುರದಂಗ. ನಮ್ಮ ಕ್ಲೀನರ್ ಅಂದ, ‘ಉಸ್ತಾದ್, ಇಷ್ಟು ಅಕ್ಕಿ ಇಲ್ಲೇ ಐತಿ, ನಾವ್ಯಾಕ ತಂದ್ವಿ?’ ಅಂತ.” ನಕ್ಕರು. ಆಮೇಲೆ, “ಮುಟ್ಟಲಿಲ್ಲ ನೋಡು,” ಎಂದರು. “ಅಲ್ಲಿತನ ಹೋಗಿ ಬರ್ಫ್ ಮುಟ್ಟಲಿಲ್ಲ.”

ಬಳ್ಳಾರಿಯಲ್ಲಿ ಹಿಮದ ಅಭ್ಯಾಸ ಮಾಡುವುದು ಹೇಗೆ? ಮಾಮಾನ ಹತ್ತಿರ ಅದಕ್ಕೆ ಉತ್ತರವಿತ್ತು. ಒಳ್ಳೆಯ ಮಳೆ ಬಿದ್ದ ಮರುದಿನ ನಮ್ಮನ್ನು ಕೂರಿಸಿಕೊಂಡು ಸಿರುಗುಪ್ಪದ ಕಡೆ ಹೊರಟರು. ಕಾಲುವೆ ಪಕ್ಕದ ಎರೆಮಣ್ಣಿನ ದಾರಿ. ನೆನೆದ ಎರೆಯ ಮೇಲೆ ಗಾಡಿ ನಿಲ್ಲುವುದಿಲ್ಲ, ತಿರುವಿದ ಕಡೆ ಹೋಗುವುದೂ ಇಲ್ಲ. ಎರಡೂ ಕಡೆ ತೆನೆಗಟ್ಟಿದ ಭತ್ತ. ಶಮೀಮಳ ಕೈಗೆ ಸ್ಟೇರಿಂಗ್ ಕೊಟ್ಟು ತಾವು ಪಕ್ಕದಲ್ಲಿ ಕೂತರು.

“ಬ್ರೇಕ್ ಮ್ಯಾಲ ಕಾಲಿಡಬ್ಯಾಡ ಬೇಟಿ. ಹೆದರಿದಾಗ ಕಾಲು ತಾನ ಅಲ್ಲಿಗೆ ಹೋಗತೈತಿ. ಅದನ್ನ ವಾಪಸ್ ಕರ್ಕೋ.”

ಅವಳ ಕಾಲು ವಾಪಸು ಬರಲಿಲ್ಲ. ಗಾಡಿ ಅಡ್ಡಕ್ಕೆ ಜಾರಿ, ಬಹಳ ನಿಧಾನವಾಗಿ, ಮರ್ಯಾದೆಯಿಂದ ಎಂಬಂತೆ ಬದಿಯ ತಗ್ಗಿಗಿಳಿದು ಕೂತಿತು. ಟ್ರ್ಯಾಕ್ಟರ್ ತಂದು ಎಳೆದ ರೈತ ಹಗ್ಗ ಕಟ್ಟುತ್ತ ಕೇಳಿದ, “ಸಾಹೇಬ್ರ, ಅಷ್ಟು ಚಲೋ ಡಾಂಬರು ರೋಡ್ ಐತಲ್ಲ ಆ ಕಡಿ?”

“ಅದರ ಮ್ಯಾಲ ಎಲ್ಲಾರೂ ಹೋಗ್ತಾರಲ್ಲಪ್ಪ,” ಎಂದರು ಮಾಮಾ. ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದರು. ಆ ದಿನ ಅವರಷ್ಟು ಖುಷಿಯಾಗಿದ್ದವರು ಇಡೀ ತಾಲ್ಲೂಕಿನಲ್ಲಿ ಇರಲಿಲ್ಲ. ಮೂರನೆಯ ಸಲ ಹೋದಾಗ ಶಮೀಮ ಬ್ರೇಕ್ ಮುಟ್ಟದೆ ಆ ದಾರಿಯನ್ನು ಪೂರ್ತಿ ದಾಟಿದಳು. ಮಾಮಾ ಕಿಟಕಿಯ ಹೊರಗೆ ನೋಡುತ್ತ “ಬರೋಬ್ಬರಿ” ಎಂದರು, ಅಷ್ಟೇ. ಅವರಿಂದ ಆ ಮಾತು ಪಡೆಯುವುದು ಸುಲಭವಿರಲಿಲ್ಲ. ನಾನು ಅದನ್ನು ಆ ದಿನದ ಪುಟದಲ್ಲಿ ಬರೆದುಕೊಂಡೆ.

ಜಾರುವುದೇನೋ ಆಯಿತು, ಚಳಿ ಉಳಿಯಿತು. ಡೀಸೆಲ್ ಗಾಡಿ ಹಿಮದಲ್ಲಿ ರಾತ್ರಿಯಿಡೀ ನಿಂತರೆ ಬೆಳಿಗ್ಗೆ ಎದ್ದೇಳುವುದೇ ಕಷ್ಟ. ಕೀಲಿ ತಿರುವಿ ಎಷ್ಟು ಸಲ ಸೆಲ್ಫ್ ಹೊಡೆದರೆ ಎಂಜಿನ್ ಏಳುತ್ತದೆ ಎಂಬುದೇ ಮಾಮಾನ ಚಿಂತೆಯಾಯಿತು. “ಒಂದೇ ಸೆಲ್ಫ್‌ಗೆ ಏಳಬೇಕು,” ಎನ್ನುತ್ತಿದ್ದರು. “ಎರಡನೇದ್ದು ಹೊಡದ್ವಿ ಅಂದ್ರ ಗಾಡಿಗೆ ನಮ್ಮ ಮ್ಯಾಲ ನಂಬಿಕಿ ಹೋತು ಅಂತ.” ಆಮೇಲೆ ಒಂದು ದಿನ ನನ್ನನ್ನು ದಿಟ್ಟಿಸಿ ನೋಡಿದರು. “ಲೆಕ್ಕದವ್ವ, ನಿಮ್ಮ ಕೋಲ್ಡ್ ಸ್ಟೋರೇಜಿನಾಗ ಒಂದು ರೂಮು ಖಾಲಿ ಐತಿ ಅಂದಿದ್ದಿ?”

ನಮ್ಮ ಮಾಲೀಕರಾದ ಗೌಡರು ಕೇಳಿ ಬಹಳ ಹೊತ್ತು ನಕ್ಕರು. “ಮೆಣಸಿನಕಾಯಿ ಇಟ್ಟೀನಿ, ಹುಣಸಿಹಣ್ಣು ಇಟ್ಟೀನಿ. ಕಾರು ಇದ ಮೊದಲು. ತರ್ರಿ, ನೋಡೋಣ,” ಎಂದರು. ನವೆಂಬರ್ ಎಂಟರ ಸಂಜೆ, ಪಕ್ಕದ ಕನ್ನಡಿಗಳನ್ನು ಮಡಚಿ, ನಾಲ್ಕು ಜನ ನಾಲ್ಕು ಕಡೆ ನಿಂತು ಕೂಗುತ್ತ ಗಾಡಿಯನ್ನು ಒಳಗೆ ನುಗ್ಗಿಸಿದೆವು. ಮರುದಿನ ಬೆಳಿಗ್ಗೆ ಬಾಗಿಲನ್ನು ಪೂರ್ತಿ ತೆರೆದು ಮಾಮಾ ಸೆಲ್ಫ್ ಹೊಡೆದರು. ಎಂಜಿನ್ ಮೂರನೆಯದಕ್ಕೆ ಎದ್ದಿತು. ಅವರು ಮುಖ ಗಂಟಿಕ್ಕಿಕೊಂಡು ಗಾಡಿಯನ್ನು ಬಳ್ಳಾರಿಗೆ ಒಯ್ದು, ಬ್ಯಾಟರಿ ಬದಲಿಸಿ, ಎಂಜಿನ್ನಿಗೆ ಮೊದಲ ಬಿಸಿ ಕೊಡುವ ಹೀಟರ್ ಪ್ಲಗ್ ಬದಲಿಸಿ, ಮುಂದಿನ ವಾರ ಮತ್ತೆ ತಂದು ನಿಲ್ಲಿಸಿದರು. ಆ ಸಲ ಎರಡಕ್ಕೆ ಎದ್ದಿತು.

“ನಡೀತೈತಿ,” ಎಂದರು. ಅವರ ಬಾಯಲ್ಲಿ ಆ ಮಾತು ಬಂದರೆ ನಡೆಯುವುದಿಲ್ಲ ಎಂದರ್ಥ. ಆಮೇಲೆ, ಬಂದದ್ದಕ್ಕೆ ಗಾಡಿಯೊಳಗಿನ ಬಿಸಿಗಾಳಿಯನ್ನೂ ನೋಡಿಬಿಡೋಣವೆಂದು ಬ್ಲೋವರ್ ತಿರುವಿದರು.

ವರ್ಷಗಟ್ಟಲೆ ಮೆಣಸಿನಕಾಯಿ ಚೀಲ ಇಟ್ಟಿದ್ದ ಕೋಣೆ ಅದು. ನೆಲದಲ್ಲಿ, ಗೋಡೆಯಲ್ಲಿ ಕೂತಿದ್ದ ಖಾರದ ಧೂಳನ್ನೆಲ್ಲ ಗಾಡಿ ಒಳಗೆಳೆದುಕೊಂಡು ನಮ್ಮ ಮುಖಕ್ಕೆ ಊದಿತು. ಶಮೀಮ ಸೀನುತ್ತ ಹೊರಗೆ ಓಡಿದಳು. ನಾನು ಕಣ್ಣು ಕಾಣದೆ ಕಂಬಕ್ಕೆ ಡಿಕ್ಕಿ ಹೊಡೆದೆ. ಬಾಗಿಲಲ್ಲಿ ನಿಂತಿದ್ದ ಗೌಡರು, “ಸಾಹೇಬ್ರ, ಒಗ್ಗರಣಿ ಜೋರಾತು!” ಎಂದು ಕೂಗಿ ತಾವೂ ಕೆಮ್ಮತೊಡಗಿದರು. ಎಲ್ಲರೂ ಕಣ್ಣೀರು ಸುರಿಸುತ್ತ ನಗುತ್ತಿದ್ದೆವು.

ಮಾಮಾ ನಗುತ್ತಿರಲಿಲ್ಲ. ಗಾಡಿಯಿಂದಿಳಿದು ಖಾಲಿ ಚೀಲಗಳ ಗಂಟಿನ ಮೇಲೆ ಕೂತಿದ್ದರು. ಆ ಚಳಿಯಲ್ಲಿ ನಮ್ಮ ಬಾಯಿಂದ ಹಬೆ ಬರುತ್ತಿತ್ತು. ಅವರ ಅಂಗಿ ಮಾತ್ರ ಬೆವರಿಗೆ ಬೆನ್ನಿಗಂಟಿತ್ತು. ಎಡಗೈಯನ್ನು ಬಲಗೈಯಿಂದ ಒತ್ತುತ್ತಿದ್ದರು.

“ಖಾರಕ್ಕ ಬೆವತೀನಿ,” ಎಂದರು. ನಾವು ಯಾರೂ ಅದನ್ನು ನಂಬಲಿಲ್ಲ.

ಅದೇ ದಿನ ಶಮೀಮ ಅವರನ್ನು ಬಳ್ಳಾರಿಯ ಆಸ್ಪತ್ರೆಗೆ ಕರೆದೊಯ್ದಳು. ಹೃದಯ ಸೋತಿದೆ ಎಂದರು ಡಾಕ್ಟರು. ಔಷಧ ಬರೆದು, ಬೆಟ್ಟದ ಮಾತು ಕೇಳಿದ ಮೇಲೆ, ಅಷ್ಟು ಎತ್ತರಕ್ಕೆ ಹೋದರೆ ವಾಪಸು ಬರುವುದಿಲ್ಲ ಎಂದು ನೇರವಾಗಿಯೇ ಹೇಳಿದರಂತೆ. ಮಾಮಾ ಮನೆಗೆ ಬಂದು ಹೊಲಿಗೆ ಯಂತ್ರದ ಮುಂದೆ ಕೂತರು. ರ್‍ಯಾಲಿಗೆ ಕೊಟ್ಟಿದ್ದ ಹೆಸರು ವಾಪಸು ತೆಗೆದುಕೊಳ್ಳೋಣವೆಂದು ಶಮೀಮ ಅಂದಾಗ ಮಾತ್ರ ತಲೆ ಎತ್ತಿದರು.

“ಯಾರ ಹೆಸರು? ನನ್ನ ಹೆಸರು ತಗಿ. ಗಾಡಿ ಹೆಸರು ಯಾಕ ತಗೀತಿ? ಗಾಡಿಗೇನು ಹಾರ್ಟ್ ಐತೇನು?”

ಆ ದಿನದಿಂದ ಅವರು ಗಾಡಿಗೆ ಕೌದಿ ಹೊಲಿಯತೊಡಗಿದರು. ಜೀನ್ಸ್ ಬಟ್ಟೆ ಕತ್ತರಿಸಿದಾಗ ಉಳಿಯುವ ತುಂಡುಗಳನ್ನು ಪದರ ಪದರವಾಗಿ ಜೋಡಿಸಿ ಎಂಜಿನ್ನಿನ ಮೇಲೆ ಹೊದಿಸಲು ಒಂದು ದಪ್ಪ ಕೌದಿ. ರಾತ್ರಿ ಎಂಜಿನ್ನಿನ ಬಿಸಿ ಬೇಗ ಆರದಿದ್ದರೆ ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಏಳುತ್ತದೆ ಎಂಬುದು ಅವರ ಲೆಕ್ಕ. ನಡುವಿನದನ್ನು ಯಂತ್ರದಲ್ಲಿ ಹೊಲಿದರು. ಅಂಚು ಮಾತ್ರ ಕೈಹೊಲಿಗೆ. ಮಾಮಿ ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದರು.

“ನಾಕು ಮೂಲಿಗೂ ನಾಕು ಅಕ್ಕಿಕಾಳು ಹಾಕ್ರಿ,” ಎಂದರು ಮಾಮಿ. ಅವರ ತವರಿನಲ್ಲಿ ಕೌದಿಯನ್ನು ಹಸಿದುಕೊಂಡಿರಲು ಬಿಡುವುದಿಲ್ಲವಂತೆ.

“ಗಾಡಿ ಡೀಸೆಲ್ ಕುಡೀತೈತಿ, ಅನ್ನ ಎಲ್ಲಿ ಉಣತೈತಿ?”

“ಗಾಡಿಗಲ್ರೀ, ಕೌದಿಗೆ. ನೀವು ಸುಮ್ನ ಹೊಲೀರಿ.”

ಮಾಮಾ ಹೊಲಿದರು. ಮೂರು ಅಂಚು ಮುಗಿಸಿದರು.

ನಾನು ಅವರನ್ನು ಕೊನೆಯ ಸಲ ಕಂಡದ್ದು ಡಿಸೆಂಬರ್ ಮೊದಲ ವಾರದ ಒಂದು ಬೆಳಿಗ್ಗೆ. ಕೆಲಸಕ್ಕೆಂದು ಮೆಟ್ಟಿಲು ಇಳಿಯುವಾಗ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು, ಕೌದಿಯನ್ನು ತೊಡೆಯ ಮೇಲೆ ಹರಡಿಕೊಂಡು ಕೂತಿದ್ದರು. ಉಣ್ಣೆಯ ಟೋಪಿ ತಲೆಯ ಮೇಲಿರಲಿಲ್ಲ. ಅದನ್ನು ಶಮೀಮಳ ಚೀಲಕ್ಕೆ ಹಾಕಿಬಿಟ್ಟಿದ್ದರು.

“ಲೆಕ್ಕದವ್ವ, ಅಲ್ಲಿ ಮೊದಲ್ನೇ ದಿನ ಮುಂಜಾನೆ ಗಾಡಿ ಚಾಲೂ ಮಾಡ್ತೀರಲ್ಲ, ಆಗ ನನಗೊಂದು ಫೋನ್ ಹಚ್ಚು. ಎಷ್ಟು ಸೆಲ್ಫ್‌ಗೆ ಎದ್ದಿತು, ಅಷ್ಟ ಹೇಳು.”

“ಅಷ್ಟೇನಾ ಮಾಮಾ? ಹಿಮ ಹೆಂಗೈತಿ ಅಂತ ಹೇಳಬ್ಯಾಡೇನು?”

“ಅದು ಬ್ಯಾಡ,” ಎಂದರು. ಸೂಜಿಯನ್ನು ಬಟ್ಟೆಗೆ ಚುಚ್ಚಿ ಅಲ್ಲೇ ಬಿಟ್ಟರು. “ಅದನ್ನ ಹೇಳಬ್ಯಾಡ.”

ಬಸ್ಸಿಗೆ ಹೊತ್ತಾಗುತ್ತಿತ್ತು. ಹ್ಞೂಂ ಎಂದು ಹೊರಟೆ. ಮಧ್ಯಾಹ್ನ ಶಮೀಮಳ ಫೋನು ಬಂತು. ಗೌಡರೇ ತಮ್ಮ ಗಾಡಿಯಲ್ಲಿ ನನ್ನನ್ನು ಕರೆತಂದರು. ನಾವು ಮುಟ್ಟುವಷ್ಟರಲ್ಲಿ ಅಂಗಳದ ತುಂಬ ಜನ. ಎಸ್‌ಯುವಿಯನ್ನು ಯಾರೋ ತಳ್ಳಿ ಓಣಿಗೆ ತಂದಿದ್ದರು, ಒಳಗೆ ಜಾಗ ಬೇಕಿತ್ತು.

ಹೋಗುವುದು ಬೇಡವೆಂದೇ ಶಮೀಮ ತೀರ್ಮಾನಿಸಿದ್ದಳು. ಆದರೆ ಮಾಮಾ ತೀರಿದ ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಕಳೆದ ಮರುದಿನ ಮಾಮಿ ಕೌದಿಯನ್ನು ಮಡಚಿ ತಂದು ಅವಳ ಮುಂದಿಟ್ಟರು. ನಾಲ್ಕನೆಯ ಅಂಚು ಮುಗಿದಿತ್ತು. ಆ ಹೊಲಿಗೆ ಮಾತ್ರ ಬೇರೆಯಾಗಿ ಕಾಣುತ್ತಿತ್ತು, ಇನ್ನೂ ಸಣ್ಣದು, ಒತ್ತೊತ್ತಾದದ್ದು.

“ಗಾಡಿ ಬಾಗಲಾಗ ನಿಂತ್ರ ನನಗ ನೋಡಾಕ ಆಗಂಗಿಲ್ಲ,” ಎಂದರು. “ಅವ್ರು ಎಲ್ಲಿಗೆ ಅಂತ ತಯಾರು ಮಾಡಿದ್ರೋ ಅಲ್ಲಿಗೆ ಒಯ್ಯಿರಿ.”

ರ್‍ಯಾಲಿ ಹೊರಡುವ ಊರಿನಲ್ಲಿ ರಾತ್ರಿಯಿಡೀ ಹಿಮ ಬಿದ್ದಿತ್ತು. ಬೆಳಿಗ್ಗೆ ನಾವು ಹೊರಗೆ ಬಂದಾಗ ಅಕ್ಕಪಕ್ಕದ ಗಾಡಿಗಳಲ್ಲಿ ಸೆಲ್ಫ್‌ಗಳು ಕೊರಗುತ್ತಿದ್ದವು. ಎದ್ದಂತೆ ಮಾಡಿ ಮತ್ತೆ ಬೀಳುತ್ತಿದ್ದವು. ಶಮೀಮ ಅಪ್ಪನ ಟೋಪಿಯನ್ನು ಕಿವಿಯ ತನಕ ಎಳೆದುಕೊಂಡು ಬಾನೆಟ್ ಎತ್ತಿದಳು. ಕೌದಿ ತೆಗೆದು ನನಗೆ ಕೊಟ್ಟಳು. ಅದರ ಒಳಮೈ ಇನ್ನೂ ಸ್ವಲ್ಪ ಬೆಚ್ಚಗಿತ್ತು. ಅದನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಜಾಗದಲ್ಲಿ ಕೂತೆ.

ಅವಳು ಕೀಲಿ ಅರ್ಧಕ್ಕೆ ತಿರುವಿ ಹೀಟರ್ ಪ್ಲಗ್ಗಿನ ದೀಪ ಆರುವ ತನಕ ಕಾದಳು. ಆಮೇಲೆ ಸೆಲ್ಫ್ ಹೊಡೆದಳು.

ಒಂದೇ.

ಎಂಜಿನ್ ಎದ್ದು ನಿಂತಿತು. ಗಾಜಿನ ಮಂಜು ಕರಗಲೆಂದು ಅವಳು ಬ್ಲೋವರ್ ತಿರುವಿದಳು. ಕುರುಗೋಡು ರಸ್ತೆಯ ಆ ಕೋಣೆಯಲ್ಲಿ ಒಳಸೇರಿ, ಎಷ್ಟು ತೊಳೆಸಿದರೂ ಹೋಗದೆ ಎಲ್ಲೋ ಕೂತಿದ್ದ ಮೆಣಸಿನಕಾಯಿ ಘಾಟು ಬೆಚ್ಚಗಾಗಿ ನಮ್ಮ ಮುಖಕ್ಕೆ ಬಡಿಯಿತು. ಇಬ್ಬರೂ ಕೆಮ್ಮಿದೆವು. ಕಣ್ಣು ಒರೆಸಿಕೊಳ್ಳುತ್ತ ನಾನು ಫೋನು ತೆಗೆದೆ. ಮಾತು ಕೊಟ್ಟಿದ್ದೆ. ಆ ಕರೆ ಎಲ್ಲಿಗೆ ಹೋಗುತ್ತದೆಂದು ಯೋಚಿಸದೆ ಖಾದರ್ ಮಾಮಾ ಎಂಬ ಹೆಸರನ್ನು ಒತ್ತಿದೆ.

ಶಮೀಮಳ ಜಾಕೀಟಿನ ಒಳಜೇಬಿನಲ್ಲಿ ಫೋನು ರಿಂಗಾಯಿತು.

ಅದನ್ನು ಅವಳು ಬಳ್ಳಾರಿಯಿಂದ ಇಲ್ಲಿಯ ತನಕ ಚಾರ್ಜ್ ಮಾಡುತ್ತ ತಂದಿದ್ದಳು. ನನಗೆ ಹೇಳಿರಲಿಲ್ಲ. ನನ್ನ ಕಡೆ ತಿರುಗಿ ನೋಡದೆ, ಕೈಗವಸು ಬಿಚ್ಚಿ, ಅಪ್ಪನ ಫೋನನ್ನು ಎತ್ತಿ ಕಿವಿಗಿಟ್ಟುಕೊಂಡಳು.

“ಮಾಮಾ,” ಎಂದೆ. “ಒಂದೇ ಸೆಲ್ಫ್‌ಗೆ ಎದ್ದೈತಿ.”

ಅವಳು ಕರೆ ಕಡಿಯದೆ ಫೋನನ್ನು ಹಾಗೇ ಮುಂದಿನ ಗಾಜಿನ ಕೆಳಗಿಟ್ಟು ಗೇರು ಹಾಕಿದಳು. ನಾನೂ ನನ್ನದನ್ನು ಕಡಿಯಲಿಲ್ಲ. ಊರು ದಾಟಿ, ಬೆಳ್ಳಗಿನ ದಾರಿಯ ಮೊದಲ ತಿರುವು ಹತ್ತುವ ತನಕ ಆ ಕರೆ ತೆರೆದೇ ಇತ್ತು. ಅಲ್ಲಿ ಸಿಗ್ನಲ್ ಹೋಯಿತು.