ಫ್ರೀಜರಿನಲ್ಲಿಟ್ಟ ಬೇರಿಂಗ್

ಮೂವತ್ತು ವರ್ಷ ಲೇತ್ ಮಷೀನಿನ ಮುಂದೆ ನಿಂತ ನನ್ನ ಸೋದರಮಾವನನ್ನು ಬೀದಿಯವರೆಲ್ಲ ಲೇತ್ ಮಾವ ಎಂದೇ ಕರೆಯುತ್ತಾರೆ. ಅತ್ತೆ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅವನ ಕಾರಿನ ಮುಂದಿನ ಚಕ್ರ ಗೊರಗೊರ ಎನ್ನತೊಡಗಿತ್ತು.

"ಗ್ಯಾರೇಜಿಗೆ ಬಿಡು ಮಾವ," ಎಂದೆ.

"ಅವರು ಬೇರಿಂಗನ್ನ ಸುತ್ತಿಗೇಲಿ ಬಡಿದು ಕೂರಿಸ್ತಾರೆ. ಏಟು ತಿಂದಿದ್ದು ಎಷ್ಟು ದಿನ ಬಾಳುತ್ತೆ ಹೇಳೋ?"

ಇವನ ಜೊತೆ ವಾದ ಮಾಡುವುದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳುವುದೂ ಒಂದೇ. ಅವನ ವರಸೆಯೇ ಬೇರೆ. ಹೊಸ ಬೇರಿಂಗನ್ನು ಬೆಳಿಗ್ಗೆಯೇ ಫ್ರೀಜರಿನಲ್ಲಿಟ್ಟ. ತಣ್ಣಗಾದ ಉಕ್ಕು ಕೂದಲೆಳೆಯಷ್ಟು ಕುಗ್ಗಿ, ಬಡಿಯದೆಯೇ ಚಕ್ರದ ಗೂಡಿನೊಳಗೆ ಜಾರುತ್ತದಂತೆ. ಅದಕ್ಕೆ ಜಾಗ ಮಾಡಲು ಒಂದು ಡಬ್ಬಿಯನ್ನು ತೆಗೆದು ಅಡುಗೆಕಟ್ಟೆಯ ಮೇಲಿಟ್ಟಿದ್ದ.

ಹಳೆಯದನ್ನು ಕಳಚುವಷ್ಟರಲ್ಲಿ ಮಧ್ಯಾಹ್ನವಾಯಿತು. ಬೇರಿಂಗಿನ ತಂಪು ಇಳಿಯುವ ಮೊದಲೇ ಕೂರಿಸಬೇಕೆಂದು ಅದನ್ನು ಹಿಡಿದು ಓಡಿ ಬಂದವನಿಗೆ ಡಬ್ಬಿಯನ್ನು ವಾಪಸ್ ಒಳಗಿಡುವ ನೆನಪಾಗಲಿಲ್ಲ. ಬೇರಿಂಗ್ ಬೆಣ್ಣೆಯಂತೆ ಜಾರಿ ಕೂತಿತು. ಚಕ್ರ ತಿರುಗಿಸಿದರೆ ಚೂರೂ ಸದ್ದಿಲ್ಲ.

ಕೈ ತೊಳೆಯಲು ಇಬ್ಬರೂ ಒಳಗೆ ಹೋದಾಗ ಡಬ್ಬಿಯಲ್ಲಿ ಹೆಪ್ಪುಗಟ್ಟಿದ್ದ ಸಾರು ಪೂರ್ತಿ ಕರಗಿ ಕೂತಿತ್ತು. ಮುಚ್ಚಳದ ಮೇಲಿನ ಚೀಟಿಯಲ್ಲಿ ಅತ್ತೆಯ ಅಕ್ಷರ: 'ಭಾನುವಾರಕ್ಕೆ.'

"ಮಾವ, ಇದು..."

"ಹೂಂ, ಅವಳು ಮಾಡಿಟ್ಟಿದ್ದು. ಅದೊಂದೇ ಉಳಿದಿತ್ತು," ಎಂದ, ಸ್ಪ್ಯಾನರ್ ಕೊಡು ಎನ್ನುವ ದನಿಯಲ್ಲೇ.

ಕೈ ತೊಳೆಯದೆಯೇ ಒಲೆ ಹಚ್ಚಿ ಬಿಸಿ ಮಾಡಿ, ನಿಂತುಕೊಂಡೇ ಒಂದು ಚಮಚ ಬಾಯಿಗಿಟ್ಟ.

"ಉಪ್ಪು ಕಮ್ಮಿ ಕಣೇ," ಎಂದು, ತಿರುಗಿ ನೋಡದೆ ಗ್ರೀಸು ಮೆತ್ತಿದ ಕೈಯನ್ನು ಹಿಂದಕ್ಕೆ ಚಾಚಿದ. ಉಪ್ಪಿನ ಡಬ್ಬಿ ಎಲ್ಲಿದೆಯೋ ನನಗೆ ಗೊತ್ತಿರಲಿಲ್ಲ.