ಅಪ್ಪ ಇಟ್ಟ ಮೂರು ಕಲ್ಲು

ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ. ಅಪ್ಪ ನನ್ನನ್ನು ಕೂಗಿದಾಗ ಕೈಗಡಿಯಾರ ನೋಡಿಕೊಂಡಿದ್ದೆ, ಅದಕ್ಕೇ ನೆನಪಿದೆ.

"ಅವ್ವಾ, ಮೂರ್ ಕಲ್ಲೂ ಹೋದ್ವು ನೋಡು."

ಎಂಬತ್ತರ ದಶಕದ ಆರಂಭ. ನಾನು ಕರಾವಳಿಯ ಕಾಲೇಜೊಂದರಲ್ಲಿ ಕಡಲ ಜೀವಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೆ. "ನಿಮ್ ಜಗಳೂರಾಗೆ ಮೀನು ನೋಡಾಕೆ ಬಸ್ ಹತ್ಬೇಕು, ಇವಳು ಸಮುದ್ರ ಓದ್ತಾಳಂತೆ" ಎಂದು ಹೊನ್ನಾಳಿಯ ಸೋದರಮಾವ ನಗುತ್ತಿದ್ದ. ಅಪ್ಪ ಕುರಿ ಸಾಕಿದವನು, ಸಮುದ್ರ ಕಂಡವನಲ್ಲ. ಮಗಳು ಓದುವುದೇನೆಂದು ನೋಡಲು ಬಂದಿದ್ದ. ಬೆಳಕು ಹರಿಯುವಾಗ, ನೀರು ಇಳಿದಿದ್ದ ಹೊತ್ತಿಗೆ, ದಡದಿಂದ ಆಚೆಗಿದ್ದ ಬಂಡೆಗೆ ಅವನನ್ನು ಕರೆದುಕೊಂಡು ಹೋದೆ. ನಡುವೆ ಇದ್ದದ್ದು ಒದ್ದೆ ಮರಳಷ್ಟೇ.

ನನ್ನ ಕೆಲಸ ಬಾರ್ನಕಲ್ ಎಣಿಸುವುದು. ಬಂಡೆಗೆ ಬೆಸೆದಂತೆ ಅಂಟಿಕೊಂಡಿರುವ, ಜೋಳದ ಕಾಳಿನಷ್ಟು ದೊಡ್ಡ, ಬಿಳಿ ಚಿಪ್ಪಿನ ಜೀವಿಗಳು. ಮರದ ಚೌಕಟ್ಟು ಇಟ್ಟು, ಅದರೊಳಗೆ ಎಷ್ಟಿವೆ ಎಂದು ಬರೆಯಬೇಕು. ನೀರು ಏರುವ ಮೊದಲು, ಆರೂವರೆಗೇ ಬಂಡೆ ಬಿಟ್ಟು ಹೊರಡಬೇಕೆಂದು ಗೊತ್ತಿತ್ತು. ಆದರೆ ತಲೆ ಬಗ್ಗಿಸಿದರೆ ನನಗೆ ಹೊತ್ತು ತಿಳಿಯುವುದಿಲ್ಲ. "ನೀರು ಏರಿದರೆ ಕೂಗಪ್ಪಾ" ಎಂದು ಆ ಜವಾಬ್ದಾರಿಯನ್ನು ಅಪ್ಪನಿಗೆ ಒಪ್ಪಿಸಿದೆ.

ಅಪ್ಪ ನಮ್ಮೂರ ಕೆರೆಯಲ್ಲಿ ಮಾಡುವುದನ್ನೇ ಮಾಡಿದ. ನೀರಂಚಿಗೆ ಒಂದು ಕಲ್ಲಿಟ್ಟ. ಕುರಿಗೆ ಇನ್ನೆಷ್ಟು ದಿನ ನೀರಿದೆ ಎಂದು ನಮ್ಮಲ್ಲಿ ನೋಡುವುದೇ ಹಾಗೆ. ಆ ಕಲ್ಲನ್ನು ಅದೇ ದಿನ ನಂಬುವಂತಿಲ್ಲ. ಗಾಳಿ ಬೀಸಿದರೆ ತೆರೆ ಬಂದು ಮುಚ್ಚುತ್ತದೆ, ಮರುದಿನ ಬಂದೇ ನೋಡಬೇಕು. ಹೀಗಾಗಿ ಮೊದಲ ಕಲ್ಲು ಮುಳುಗಿದಾಗ ಅಪ್ಪ ಗಾಳಿ ಎಂದುಕೊಂಡ. ಎರಡನೆಯದನ್ನು ಇಟ್ಟ. ಮೂರನೆಯದನ್ನೂ. ಅದೂ ಮುಳುಗಿದ ಮೇಲೆಯೇ ನನ್ನನ್ನು ಕೂಗಿದ್ದು.

ತಿರುಗಿ ನೋಡಿದರೆ ಹಿಂದಿನ ಮರಳು ಇರಲಿಲ್ಲ. ನಡೆದು ಬಂದ ದಾರಿಯಲ್ಲಿ ಹಸಿರು ನೀರು ನುಗ್ಗಿ ಹರಿಯುತ್ತಿತ್ತು. ನಮ್ಮಿಬ್ಬರಿಗೂ ಈಜು ಬಾರದು.

"ಮೊಣಕಾಲುದ್ದ ಐತೆ, ದಾಟಾನ ಬಾ" ಎಂದು ಅಪ್ಪ ಪಂಚೆ ಎತ್ತಿ ಕಟ್ಟಿ ಇಳಿದೇಬಿಟ್ಟ. ಎರಡೇ ಹೆಜ್ಜೆಗೆ ನೀರು ಎದೆಮಟ್ಟ. ತೆರೆಯೊಂದು ಅವನನ್ನು ಎತ್ತಿ ಬಂಡೆಗೆ ಒಗೆಯಿತು. ಅಂಗಿಯ ಕತ್ತುಪಟ್ಟಿ ಹಿಡಿದು ಎಳೆದುಕೊಂಡೆ. ಚಿಪ್ಪುಗಳು ಅವನ ಮೊಣಕೈ ಸೀಳಿದ್ದವು. ಆ ಎರಡು ಹೆಜ್ಜೆ ಇಂದಿಗೂ ಕಣ್ಣ ಮುಂದೆ ಬರುತ್ತವೆ. ಕೆಲವು ಸಲ ನನ್ನ ಕೈಗೆ ಕತ್ತುಪಟ್ಟಿ ಸಿಗುವುದಿಲ್ಲ.

ಬಂಡೆಯ ಮೇಲ್ಭಾಗದಲ್ಲಿ ಬಿಳಿ ಚಿಪ್ಪುಗಳ ಪಟ್ಟಿ ಗೆರೆ ಎಳೆದಂತೆ ಮುಗಿದಿತ್ತು. ಅದರಾಚೆ ಬರೀ ಕರಿಗಲ್ಲು.

"ಆ ಗೆರೆ ದಾಟಿ ಹತ್ತಪ್ಪಾ. ನೀರು ಬರದ ಕಡೆ ಇವು ಬದುಕಲ್ಲ."

"ಈ ಹುಳದ ಮಾತು ಖರೇನಾ?"

"ಖರೇ ಐತೆ, ಹತ್ತು!"

ಖರೆ ಎಂದು ನಾನು ಪುಸ್ತಕದಲ್ಲಿ ಓದಿದ್ದೆ, ಅಷ್ಟೇ. ಅಪ್ಪನ ಜೀವವನ್ನು ಆ ಒಂದು ವಾಕ್ಯದ ಮೇಲೆ ಕೂರಿಸಿದೆ.

ನೀರು ಏರಿತು. ಏರಿದಂತೆಲ್ಲ, ನಾನು ತಿಂಗಳುಗಟ್ಟಲೆ ಕಾಳಿನ ಹಾಗೆ ಎಣಿಸಿದ್ದ ಚಿಪ್ಪುಗಳು ಬಾಯಿ ತೆರೆದವು. ಒಂದೊಂದರಿಂದಲೂ ರೆಪ್ಪೆಗೂದಲಿನಂಥ ಕಾಲುಗಳು ಚಾಚಿಕೊಂಡು ನೀರನ್ನು ಬಾಚತೊಡಗಿದವು. ಸಾವಿರಾರು, ಒಟ್ಟಿಗೆ. ನೀರಿನ ಭಯವನ್ನೂ ಮರೆತು ನೋಡಿದೆ.

ಅಪ್ಪ ರಕ್ತ ಸೋರುವ ಮೊಣಕೈ ಒತ್ತಿಕೊಂಡೇ ಬಗ್ಗಿದ. "ಅಬಬಾ! ಹಿಂಡಿಗೆ ಹಿಂಡೇ ಮೇಯಾಕತ್ತೈತಲ್ಲೇ!"

ಕೊನೆಯ ಸಾಲಿನ ಚಿಪ್ಪುಗಳು ತೆರೆದವು. ನೀರು ಅಲ್ಲಿಗೆ ನಿಂತಿತು. ನಮ್ಮ ಪಾದಕ್ಕೂ ಅದಕ್ಕೂ ಒಂದು ಗೇಣು. ಹನಿ ಸಿಡಿಯುತ್ತಿತ್ತು, ನೀರು ಮಾತ್ರ ಮೇಲೆ ಬರಲಿಲ್ಲ. ನೀರು ಇಳಿದು, ಇಳಿಹೊತ್ತಿಗೆ ಮರಳು ಕಂಡಾಗ ಕೈ ಹಿಡಿದುಕೊಂಡು ದಡಕ್ಕೆ ನಡೆದೆವು.

ರಜೆಗೆ ಜಗಳೂರಿಗೆ ಬಂದರೂ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಕಾಲಡಿ ಮರಳು ಜಾರುತ್ತಿತ್ತು. ಅಪ್ಪನೂ ಎದ್ದಿದ್ದಾನೆಂದು ಅವನ ಕೆಮ್ಮಿನಿಂದ ತಿಳಿಯುತ್ತಿತ್ತು. "ಅಪ್ಪ ಮಗಳು ಇಬ್ರೂ ಗೂಬೆ ಆಗೀರಿ" ಎಂದು ಅವ್ವ ಬೈದಳು.

ಒಂದು ಸಂಜೆ ಅಪ್ಪ ಕೆರೆಯ ನೀರಂಚಿಗೆ ಕಲ್ಲಿಟ್ಟು ಬಂದ. ಮರುದಿನ ಬೆಳಿಗ್ಗೆ ನನ್ನನ್ನೂ ಕರೆದುಕೊಂಡು ಹೋದ. ಕಲ್ಲು ಒಣಗಿತ್ತು. ನೀರು ಅದರಿಂದ ಎರಡು ಬೆರಳು ಹಿಂದೆ ಸರಿದಿತ್ತು.

"ಕಲ್ಲು ಇದ್ದಲ್ಲೇ ಐತೆ" ಎಂದ ಅಪ್ಪ. ಬಿಸಿಲೇರುವವರೆಗೆ ಅದನ್ನೇ ನೋಡುತ್ತಾ ಕೂತೆವು.

ಅಂದು ರಾತ್ರಿ ಮಲಗಿದ ನಮ್ಮಿಬ್ಬರನ್ನು ಮರುದಿನ ಎಬ್ಬಿಸಿದ್ದು ಕುರಿಗಳು. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಿತ್ತು; ಮೇಯಲು ಬಿಟ್ಟಿಲ್ಲವೆಂದು ಹಟ್ಟಿಯಲ್ಲಿ ಅವು ಒಂದೇ ಸಮನೆ ಅರಚುತ್ತಿದ್ದವು.