ಇಂದಿರಾ ವೈನಿಯ ಗಣಿತ ಪುಸ್ತಕಗಳು

ಇಂದಿರಾ ವೈನಿ ಯಾವ ಗಣಿತ ಪುಸ್ತಕವನ್ನೂ ಮೊದಲ ಪುಟದಿಂದ ತೆರೆದವರಲ್ಲ. ಅಂಗಡಿಯವನ ಕೈಯಿಂದ ತೆಗೆದುಕೊಂಡವರೇ ನೇರ ಕಡೆಯ ಪುಟಕ್ಕೆ ಹೋಗಿ, ಅಲ್ಲಿನ ಕೊನೆಯ ಲೆಕ್ಕವನ್ನು ತುಟಿ ಅಲುಗಿಸುತ್ತ ಓದಿ, ಮುಖ ಸಣ್ಣದು ಮಾಡಿಕೊಂಡು, "ಇದು ಭಾಳ ಕಠಿಣ ಅದ, ಒಲ್ಲೆ" ಎಂದು ಮರಳಿಸುತ್ತಿದ್ದರು. ರಸ್ತೆಗಿಳಿದ ಮೇಲೆ ಮನಸ್ಸು ಬದಲಿಸಿ ಮತ್ತೆ ಅದನ್ನೇ ಕೊಳ್ಳುತ್ತಿದ್ದರು. ಅಂಗಡಿಯವನ ಸಿಡುಕು ಮೋರೆಯನ್ನು ಎದುರಿಸುವ ಪಾಳಿ ನನ್ನದು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಉಡುಪಿ ಕಡೆಯ ನಾನು ಬ್ಯಾಂಕಿನ ಕೆಲಸಕ್ಕೆಂದು ಮುಂಬಯಿಗೆ ಬಂದು ಚೆಂಬೂರಿನಲ್ಲಿ ಅಣ್ಣನ ಮನೆಯಲ್ಲಿದ್ದೆ. ಧಾರವಾಡದ ವೈನಿಯವರದೂ ನಮ್ಮದೂ ಕೆಳ ಅಂತಸ್ತಿನ ಎದುರುಬದುರು ಬಾಗಿಲು. ಅತ್ತಿಗೆಗೆ ಅವರ ಕಡೆ ವೈನಿ ಎನ್ನುತ್ತಾರೆ, ನಾನೂ ಅವರನ್ನು ಹಾಗೇ ಕರೆಯುತ್ತಿದ್ದೆ. ಅವರ ಒಬ್ಬಳೇ ಮಗಳು ಸುಧಾಳಿಗೆ ಆಗ ಏಳು ವರ್ಷ. ಕೀಲು ಊದಿಸುವ ಜ್ವರ ಬಂದು ಅದು ಹೃದಯಕ್ಕೂ ತಾಗಿತ್ತು. ವರ್ಷವಿಡೀ ಮನೆಯಲ್ಲೇ ಇರಬೇಕು, ಓಡುವುದು, ಮೆಟ್ಟಿಲು ಹತ್ತುವುದು ಕೂಡದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಅವಳ ಇಂಗ್ಲಿಷ್ ಶಾಲೆಯವರು ಅಷ್ಟಿಷ್ಟು ದಯೆ ತೋರಿದರು: ಎರಡನೆಯ ತರಗತಿಯ ಪಾಠ ಮನೆಯಲ್ಲೇ ಕಲಿಸಿ, ಜೂನ್‌ನಲ್ಲಿ ಪರೀಕ್ಷೆ ಮಾಡುತ್ತೇವೆ, ಪಾಸಾದರೆ ಓರಗೆಯ ಮಕ್ಕಳ ಜತೆ ಮೂರನೆಯದಕ್ಕೆ ಬರಲಿ ಎಂದರು. ಮಿಕ್ಕ ವಿಷಯಗಳಿಗೆ ವೈನಿ ಹೆದರಲಿಲ್ಲ. ಗಣಿತ ಮಾತ್ರ ಅವರ ನಿದ್ದೆ ಕೆಡಿಸಿತು.

ಕಲಿಸುವುದಾದರೆ ಯಾವ ಗಣಿತ? ಇಂಥದೇ ಪುಸ್ತಕವೆಂದು ಶಾಲೆಯವರು ಹೇಳಿರಲಿಲ್ಲ. ತವರಿನಿಂದ ಅವರ ತಂದೆ ಕನ್ನಡದ ಮಗ್ಗಿ ಪುಸ್ತಕ ಕಳಿಸಿ, ಕಾಲು ಮಗ್ಗಿ, ಅರೆ ಮಗ್ಗಿ ಬಾಯಿಪಾಠವಾದರೆ ಸಾಕೆಂದರು. ಪಕ್ಕದ ಮನೆಯವರು ಮುನಿಸಿಪಾಲ್ಟಿ ಶಾಲೆಯ ಮರಾಠಿ ಪುಸ್ತಕ ಕೊಟ್ಟರು. ಬಾಂದ್ರಾದ ಅಂಗಡಿಯಲ್ಲಿ ಹೊಸ ಗಣಿತವೆಂಬ ಇಂಗ್ಲಿಷ್ ಪುಸ್ತಕ ಸಿಕ್ಕಿತು. ಅದರಲ್ಲಿ ಲೆಕ್ಕಕ್ಕಿಂತ ವೃತ್ತಗಳೇ ಹೆಚ್ಚು, ಒಂದೊಂದು ವೃತ್ತದೊಳಗೆ ಒಂದೊಂದು ಜಾತಿಯ ವಸ್ತುಗಳು. ವೈನಿಗೆ ಒಂದನ್ನು ಹಿಡಿದರೆ ಇನ್ನೊಂದರ ಚಿಂತೆ. "ಶಾರದಾ, ನಾ ಇದನ್ನ ಕಲಿಸಿ, ಅವರು ಅಲ್ಲೆ ಬ್ಯಾರೇನ ಕೇಳಿದರ?" ಎನ್ನುತ್ತ, ನಾನು ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ನಿಂತಿರುತ್ತಿದ್ದರು.

"ಯಾವುದಾದರೂ ಒಂದನ್ನು ಮುಗಿಸಿ ವೈನಿ" ಎಂದು ಒಮ್ಮೆ ರೇಗಿಬಿಟ್ಟೆ. ಲೋಕಲ್‌ನಲ್ಲಿ ನಿಂತೇ ಬಂದ ಸುಸ್ತು. ವೈನಿ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಮೆಲ್ಲಗೆ ಹೇಳಿದರು: "ಮುಗಸೂದು ಅಂದಕೂಡ್ಲೆ ನನಗ ಅಂಜಿಕಿ ಬರ್ತದ ನೋಡು. ಈ ಕಡೀ ಲೆಕ್ಕ ಬರೂದ್ರಾಗ ಆಕಿ ಹ್ಯಾಂಗಿರ್ತಾಳೋ ಏನೋ." ಅಂದಿನಿಂದ ಪುಸ್ತಕದಂಗಡಿಗೆ ಕರೆದರೆ ತೆಪ್ಪಗೆ ಹೋಗುತ್ತಿದ್ದೆ.

ಬಾಂದ್ರಾದ ಪುಸ್ತಕ ಕಲಿಸುವಾಗ ಮಾತ್ರ ವೈನಿಗೆ ಹುರುಪು. ಅಡಿಗೆಮನೆಯ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಎರಡು ವೃತ್ತ ಬರೆದು, "ಮುಸುರಿ ಯಾವುದು, ಅಲ್ಲದ್ದು ಯಾವುದು, ಬ್ಯಾರೆ ಮಾಡು" ಎನ್ನುತ್ತಿದ್ದರು. ಅವರ ಮನೆಯಲ್ಲಿ ಅನ್ನ, ಚಪಾತಿ ಮುಟ್ಟಿದರೆ ಕೈ ಮುಸುರೆ. ತೊಳೆಯದೆ ಬೇರೆಯದನ್ನು ಮುಟ್ಟುವಂತಿಲ್ಲ. ಹಾಲು, ಹಣ್ಣಿಗೆ ಆ ಕಟ್ಟಳೆಯಿಲ್ಲ. ಗೋಡೆಗೊರಗಿ ಕೂತ ಸುಧಾ ಬೆರಳು ತೋರಿಸುತ್ತ ಒಂದೂ ತಪ್ಪಿಲ್ಲದೆ ಬೇರ್ಪಡಿಸುತ್ತಿದ್ದಳು. ಅಂಥ ದಿನ ವೈನಿ ಮಾಡಿದ ಉಪ್ಪಿಟ್ಟು ನಮ್ಮ ಮನೆಗೂ ಬರುತ್ತಿತ್ತು.

ಜೂನ್ ಬಂತು. ಶಾಲೆಗೆ ಕಳಿಸಬಹುದು, ಮೆಟ್ಟಿಲಿನ ವಿಷಯದಲ್ಲಿ ಮಾತ್ರ ಇನ್ನೂ ಜೋಪಾನ ಎಂದರು ಡಾಕ್ಟರು. ಇಂಗ್ಲಿಷ್ ಬರುತ್ತದೆಂದು ಪರೀಕ್ಷೆಯ ದಿನ ವೈನಿ ನನ್ನನ್ನೂ ಎಳೆದೊಯ್ದರು. ಮೊದಲ ಪ್ರಶ್ನೆಯಲ್ಲಿ ಅನ್ನದ ತಟ್ಟೆ, ಚಪಾತಿ, ಬಾಳೆಹಣ್ಣು, ಹಾಲು, ಚೆಂಡು, ಗೊಂಬೆಗಳ ಚಿತ್ರ. ಒಂದು ಜಾತಿಯವನ್ನು ಒಂದು ವೃತ್ತದಲ್ಲಿ ಸೇರಿಸಬೇಕು. ಸುಧಾ ಅನ್ನ, ಚಪಾತಿಗೆ ಒಂದು ವೃತ್ತ ಹಾಕಿ, ಬಾಳೆಹಣ್ಣನ್ನೂ ಹಾಲನ್ನೂ ಚೆಂಡು, ಗೊಂಬೆಗಳ ಜತೆಗೆ ಕೂಡಿಸಿದಳು. ಯಾಕೆಂದು ಟೀಚರ್ ಕೇಳಿದರೆ, ಅನ್ನದ ಚಿತ್ರ ತೋರಿಸಿ, "ಇಸಕೋ ಛೂಯಾ ತೋ ಹಾಥ್ ಧೋನಾ ಪಡತಾ" ಎಂದಳು, ಮುಟ್ಟಿದರೆ ಕೈ ತೊಳೆಯಬೇಕು ಎಂದು. ಟೀಚರ್ ನನ್ನ ಮುಖ ನೋಡಿದರು. ಯಾವ ಇಂಗ್ಲಿಷಿನಲ್ಲಿ ಮುಸುರೆ ವಿವರಿಸಲಿ? ಕಳೆಯುವ ಲೆಕ್ಕದಲ್ಲಿ ಇನ್ನೂ ಕೆಟ್ಟಿತು. ಪಕ್ಕದಿಂದ ಹತ್ತು ತಂದು ಕಳೆಯುವುದು ಎಲ್ಲ ಪುಸ್ತಕಗಳಲ್ಲೂ ನಡುಮಧ್ಯೆ ಬರುತ್ತದೆ. ನಮ್ಮ ಸುಧಾ ಎಲ್ಲ ಪುಸ್ತಕಗಳ ಮೊದಲ ಪಾಠಗಳಲ್ಲಿ ಮಾತ್ರ ಪಂಡಿತೆ.

ಮೂರನೆಯದು ಸಾಧ್ಯವಿಲ್ಲ, ಎರಡನೆಯದರಲ್ಲಿ ಕೂರಲಿ ಎಂದರು ಮುಖ್ಯೋಪಾಧ್ಯಾಯಿನಿ. ಅದನ್ನು ನಾನು ಕನ್ನಡದಲ್ಲಿ ಹೇಳಿದೆ. ವೈನಿ ಕುಸಿದು ಕೂರುತ್ತಾರೆಂದೇ ಎಣಿಸಿದ್ದೆ. ಅವರು ತಮ್ಮ ಧಾರವಾಡದ ಹಿಂದಿಯಲ್ಲಿ ತಾವೇ ಕೇಳಿದರು: "ದೂಸರೀ ಕ್ಲಾಸ್ ಕಿಧರ್ ಬೈಠತೀ?"

ಎರಡನೆಯದು ಕೆಳಗೇ, ಗೇಟಿನ ಪಕ್ಕದ ಕೋಣೆ ಎಂದರು ಮುಖ್ಯೋಪಾಧ್ಯಾಯಿನಿ. ಮೂರನೆಯದು ಮೇಲಿನ ಮಾಳಿಗೆಯಲ್ಲಿ.

"ಕೆಳಗಽ ಅದಂತ, ಶಾರದಾ" ಎಂದು ವೈನಿ ನನ್ನ ಕೈ ಹಿಡಿದುಕೊಂಡರು. "ವರ್ಷಪೂರ್ತಿ ಮೂರನೇದು ಮೂರನೇದು ಅಂತ ಬಡಕೊಂಡ್ವಿ. ಅದು ಎಲ್ಲೆ ಅದ ಅಂತ ಒಬ್ಬರೂ ಕೇಳಲಿಲ್ಲ." ಅವರು ನಗುತ್ತಿದ್ದರು, ಕಣ್ಣಲ್ಲಿ ನೀರು. ನನಗೂ ಅಳು ಬಂತು.

ಅವರನ್ನು ನಾನು ಕಡೆಯದಾಗಿ ಕಂಡದ್ದು ಶಾಲೆ ಶುರುವಾದ ದಿನ. ಪುಣೆಗೆ ವರ್ಗವಾಗಿ ಅಂದೇ ಹೊರಟಿದ್ದೆ. ಮುಂದೆ ನಾನು ಚೆಂಬೂರಿಗೆ ಬರುವಷ್ಟರಲ್ಲಿ ಅವರು ಕಾಂದಿವಲಿ ಕಡೆಗೆಲ್ಲೋ ಮನೆ ಬದಲಿಸಿದ್ದರು. ಅಂದು ಸ್ಟೇಷನ್ನಿನ ದಾರಿಯಲ್ಲಿ ಶಾಲೆಯ ಗೇಟಿನ ಬಳಿ ಟ್ಯಾಕ್ಸಿ ನಿಲ್ಲಿಸಿದೆ. ಮಳೆಯಲ್ಲಿ ಕೊಡೆ ಹಿಡಿದು, ಕಂಬಿಗಳಾಚೆಯ ಕಿಟಕಿಯನ್ನೇ ನೋಡುತ್ತ ವೈನಿ ನಿಂತಿದ್ದರು. ಚಿಕ್ಕ ಮಕ್ಕಳ ನಡುವೆ ಒಂದು ಗೇಣು ಎತ್ತರವಾಗಿ ಸುಧಾ ಪಾಟಿಯ ಮೇಲೆ ಬಗ್ಗಿದ್ದಳು. ನೆನೆಯುತ್ತಿದ್ದೀರಿ, ಮನೆಗೆ ಹೋಗಿ ಎಂದೆ.

"ನೀ ಹೋಗು, ಗಾಡಿ ತಪ್ಪೀತು" ಎಂದರು, ಕಣ್ಣು ಕೀಳದೆ. "ಆಕಿ ಈಗರೆ ಒಂದು ಲೆಕ್ಕ ಶುರು ಮಾಡ್ಯಾಳ. ಮುಗಸೂತನಕಾ ನಿಂತಿರ್ತೀನಿ."